ಎರಡನೆಯ ಹೊಟ್ಟೆ

ಓಡುತ್ತಿರುವ ಗಾಡಿಯಲ್ಲಿ ಎಣ್ಣೆ ಹೆಚ್ಚಾಗುವುದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ನನ್ನ ಅಳಿಯನ ಪಿಕಪ್ ಟ್ರಕ್ಕಿನಲ್ಲಿ ಡೀಸೆಲ್ ಮುಳ್ಳು ಕಾಲು ಭಾಗಕ್ಕೆ ಇಳಿದು, ಅಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಬಂದ ದಾರಿಯಲ್ಲೇ ಮೇಲಕ್ಕೆ ಹೊರಡುತ್ತದೆ. ಗಾಡಿ ಓಡುತ್ತಲೇ ಇರುತ್ತದೆ, ಹಿಂದೆ ಕಟ್ಟಿದ ಟ್ರೇಲರು ಎಳೆಸಿಕೊಂಡು ಬರುತ್ತಲೇ ಇರುತ್ತದೆ, ಮುಳ್ಳು ಮಾತ್ರ ಅರ್ಧ, ಮುಕ್ಕಾಲು ಎಂದು ಏರಿ ಕೊನೆಗೆ ತುಂಬಿದ ಗುರುತಿನ ಮೇಲೆ ಕೂತುಬಿಡುತ್ತದೆ. ಇನ್ನೆಷ್ಟು ಮೈಲಿ ಹೋಗಬಹುದು ಎಂದು ಗಾಡಿಯ ಕಂಪ್ಯೂಟರು ಪರದೆಯ ಮೇಲೆ ಲೆಕ್ಕ ಕೊಡುತ್ತಿರುತ್ತದಲ್ಲ, ಅದಕ್ಕೂ ತಬ್ಬಿಬ್ಬು. ಒಂಬತ್ತು ಗಂಟೆಗೆ 80 ಅಂದದ್ದು ಹತ್ತಕ್ಕೆ 150 ಅನ್ನುತ್ತದೆ, ಊಟದ ಹೊತ್ತಿಗೆ 280. ಪಿಂಚಣಿಯಲ್ಲಿ ಬದುಕುವವನು ನಾನು. ಖರ್ಚಾದದ್ದು ಕಡಿಮೆಯಾಗಬೇಕು ಎಂಬ ನಂಬಿಕೆಯ ಮೇಲೆ ಎಪ್ಪತ್ತು ವರ್ಷ ತಳ್ಳಿದ್ದೇನೆ. ಪಕ್ಕದ ಸೀಟಿನಲ್ಲಿ ಕೂತು ಆ ಮುಳ್ಳನ್ನು ನೋಡುವಾಗೆಲ್ಲ ಯಾರೋ ನನಗೆ ತಿಳಿಯದಂತೆ ನನ್ನ ಪರವಾಗಿ ಸಾಲ ಮಾಡುತ್ತಿದ್ದಾರೆ ಎಂಬ ಕಸಿವಿಸಿ.

ಗುಟ್ಟು ಏನೂ ದೊಡ್ಡದಲ್ಲ. ಗಾಡಿಯ ಹಿಂಬದಿಯ ತೊಟ್ಟಿಯಲ್ಲಿ, ಕ್ಯಾಬಿನ್ನಿನ ಬೆನ್ನಿಗೆ ಒತ್ತಿಕೊಂಡು, 50 ಗ್ಯಾಲನ್ನಿನ ಇನ್ನೊಂದು ಟ್ಯಾಂಕ್ ಇದೆ. ಅದರ ಬುಡದಿಂದ ಒಂದು ರಬ್ಬರ್ ಪೈಪು ಕೆಳಗಿಳಿದು ಗಾಡಿಯ ಅಸಲಿ ಟ್ಯಾಂಕಿನ ಗಂಟಲಿಗೆ ಸೇರಿದೆ. ಪಂಪಿಲ್ಲ, ವೈರಿಲ್ಲ, ಸ್ವಿಚ್ಚಿಲ್ಲ. ಮೇಲಿದೆ, ಆದ್ದರಿಂದ ಕೆಳಗಿಳಿಯುತ್ತದೆ, ಅಷ್ಟೆ. ನಡುವೆ ಒಂದು ವಾಲ್ವ್. ಅಸಲಿ ಟ್ಯಾಂಕು ಸಾಕಷ್ಟು ಖಾಲಿಯಾದ ಮೇಲೆ ಗಾಡಿ ನಿಲ್ಲಿಸಿ, ವಾಲ್ವ್ ತಿರುಗಿಸಿ, ಮತ್ತೆ ಹೊರಟರಾಯಿತು.

ಅಳಿಯ ಇದನ್ನು ಹಾಕಿಸಿಕೊಂಡದ್ದಕ್ಕೆ ಕಾರಣಗಳಿವೆ. ಅವನಿರುವುದು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ಹೊರವಲಯದಲ್ಲಿ. ರಜೆ ಬಂದರೆ ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸಿಕೊಂಡು ಪಶ್ಚಿಮಕ್ಕೆ, ಯೂಟಾದ ಕೆಂಪು ಬಂಡೆಗಳ ಕಡೆಗೆ ಹೊರಡುವುದು ಅವರ ಮನೆಯ ಪದ್ಧತಿ. ಟ್ರೇಲರು ಕಟ್ಟಿದ ಮೇಲೆ ಗ್ಯಾಲನ್ನಿಗೆ ಹತ್ತು ಮೈಲಿ ಬಂದರೆ ಪುಣ್ಯ. ಅಸಲಿ ಟ್ಯಾಂಕಿಗೆ ಮೂವತ್ತು ಚಿಲ್ಲರೆ ಗ್ಯಾಲನ್. ನಮ್ಮಲ್ಲಿ ಡೀಸೆಲ್ ಇಲ್ಲದ ಬಂಕನ್ನು ಹುಡುಕಬೇಕು. ಅಲ್ಲಿ ಕೆಲವು ಕಡೆ ಡೀಸೆಲ್ ಇರುವ ಬಂಕನ್ನೇ ಹುಡುಕಬೇಕು. ಸಿಕ್ಕರೂ ಅಷ್ಟುದ್ದದ ಬಾಲ ಕಟ್ಟಿಕೊಂಡು ಸಣ್ಣ ಬಂಕಿನೊಳಗೆ ತಿರುಗುವುದು ಕಷ್ಟ. ಒಮ್ಮೆ ಹಾಗೆ ಸಿಕ್ಕಿಕೊಂಡು, ಹಿಂದೆ ಮುಂದೆ ಮಾಡಿ, ಹತ್ತಾರು ಜನ ಕಾಫಿ ಲೋಟ ಹಿಡಿದು ನೋಡುತ್ತ ನಿಂತು, ಅಂತೂ ಹೊರಬಂದ ದಿನವೇ ಅಳಿಯ ಎರಡನೇ ಟ್ಯಾಂಕಿನ ವಿಚಾರ ತೆಗೆದನಂತೆ. ಜೊತೆಗೆ ಅವನು ಚನ್ನಗಿರಿ ಕಡೆಯವನು. ಎಲ್ಲಿ ಗ್ಯಾಲನ್ನಿಗೆ ಮೂವತ್ತು ಸೆಂಟು ಕಡಿಮೆಯೋ ಅಲ್ಲಿ ತುಂಬಿಸಿಕೊಂಡುಬಿಟ್ಟರೆ ಮುಂದಿನ ರಾಜ್ಯದವರ ಮುಖ ನೋಡಬೇಕಾಗಿಲ್ಲ ಎಂಬ ಲೆಕ್ಕವೂ ಇತ್ತು.

ಟ್ಯಾಂಕ್ ಮನೆಗೆ ಬಂದ ದಿನ ನಾವು ಅಲ್ಲಿದ್ದೆವು. ಅಲ್ಯೂಮಿನಿಯಮ್ಮಿನ ಪೆಟ್ಟಿಗೆ, ಮೈಮೇಲೆಲ್ಲ ನಮ್ಮ ಬಸ್ಸಿನ ಮೆಟ್ಟಿಲಿಗೆ ಹಾಕುವ ಚೆಕರ್ಡ್ ಪ್ಲೇಟಿನ ಗುಳ್ಳೆಗಳು. ನನ್ನ ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಲ್ಲಿ ಎಷ್ಟು ಕೊಡ ನೀರು ಹಿಡಿಯುತ್ತೆ?" ಎಂದಳು. ನೀರಲ್ಲ, ಡೀಸೆಲ್ ಎಂದೆ. "ಒಂದು ಹೊಟ್ಟೆ ಸಾಲದು ಅಂತ ಗಾಡಿಗೆ ಎರಡನೇ ಹೊಟ್ಟೆಯಾ?" ಎಂದು ನನ್ನ ಹೊಟ್ಟೆಯ ಕಡೆ ನೋಡಿದಳು. ನಾನು ವಿಷಯ ಬದಲಾಯಿಸಿ, 50 ಗ್ಯಾಲನ್ ಅಂದರೆ ಸುಮಾರು 190 ಲೀಟರ್, ತುಂಬಿದರೆ ಎಣ್ಣೆಯ ತೂಕವೇ 160 ಕಿಲೋ, ಒಳಗೆ ಅಡ್ಡ ತಗಡುಗಳಿರುತ್ತವೆ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಅಷ್ಟೂ ಎಣ್ಣೆ ಒಮ್ಮೆಗೇ ಮುಂದಕ್ಕೆ ನುಗ್ಗುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಅಷ್ಟರಲ್ಲಿ ಒಳಗೆ ಹೋಗಿದ್ದಳು.

ಈ ಕೆಲಸದಲ್ಲಿ ನನಗೆ ಸ್ವಲ್ಪ ಹಕ್ಕಿದೆ ಎಂದು ನನ್ನ ಭಾವನೆ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನೀರು ಸರಬರಾಜು ನೋಡಿಕೊಂಡು ಸರ್ವಿಸ್ ಮುಗಿಸಿದವನು ನಾನು. ಬಾವಿಯಿಂದ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವುದು ಕರೆಂಟಿನ ಕೆಲಸ. ಆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರ ಕೆಲಸ. ಆದರೆ ಒಮ್ಮೆ ನೀರು ಮೇಲೇರಿತೆಂದರೆ ಮುಂದಿನದಕ್ಕೆ ಯಾರ ಹಂಗೂ ಇಲ್ಲ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ, ಹಗಲಾಗಲಿ ರಾತ್ರಿಯಾಗಲಿ, ಮುಷ್ಕರವಿರಲಿ ಇಲ್ಲದಿರಲಿ. ನನ್ನ ಕೈಕೆಳಗೆ ಕೆಲಸ ಮಾಡಿದವರಲ್ಲಿ ಒಂದು ದಿನವೂ ರಜೆ ಕೇಳದ ಒಬ್ಬನೇ ಒಬ್ಬ ಎಂದರೆ ಈ ಭೂಮಿಯ ಸೆಳೆತ.

ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಕೆಳಗಿನಿಂದಲೇ ನೋಡಲು ನಮ್ಮಲ್ಲಿ ಒಂದು ಗೇಜ್ ಬೋರ್ಡ್ ಇತ್ತು. ಒಳಗೆ ನೀರಿನ ಮೇಲೆ ತೇಲುವ ಒಂದು ಬುರುಡೆ, ಅದಕ್ಕೆ ಕಟ್ಟಿದ ತಂತಿ, ಮೇಲೊಂದು ರಾಟೆ, ತಂತಿಯ ಇನ್ನೊಂದು ತುದಿಯಲ್ಲಿ ಹೊರಗೆ ನೇತಾಡುವ ಕೆಂಪು ಬಣ್ಣದ ತೂಕ. ನೀರು ಏರಿದರೆ ಬುರುಡೆ ಏರುತ್ತದೆ, ಹೊರಗಿನ ತೂಕ ಇಳಿಯುತ್ತದೆ. ಅಂದರೆ ಗುರುತು ನೆಲದ ಹತ್ತಿರವಿದ್ದರೆ ಟ್ಯಾಂಕು ತುಂಬಿದೆ, ಆಕಾಶದ ಹತ್ತಿರವಿದ್ದರೆ ಖಾಲಿ. ಇದು ಊರಿನವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಬೇಸಿಗೆಯಲ್ಲಿ ಕೆಂಪು ಗುರುತು ಟ್ಯಾಂಕಿನ ನೆತ್ತಿಯ ಮೇಲೆ ಕೂತಿರುತ್ತಿತ್ತು. ಪುರಸಭೆಯ ಸದಸ್ಯರೊಬ್ಬರು ಕೊಡ ಹಿಡಿದ ಹೆಂಗಸರನ್ನು ಕರೆದುಕೊಂಡು ಬಂದು, "ನೋಡ್ರವ್ವಾ, ಮೇಲ್ತನಕ ತುಂಬ್ಸಿ ಇಟ್ಕಂಡು ನಿಮಗೆ ನೀರು ಬಿಡ್ತಿಲ್ಲ ಈ ಇಂಜಿನಿಯರ್ರು" ಎಂದು ಬೆರಳು ತೋರಿಸುತ್ತಿದ್ದರು. ತೂಕ, ರಾಟೆ, ಬುರುಡೆ ಎಂದು ನಾನು ವಿವರಿಸಲು ಹೊರಟರೆ ಒಬ್ಬಾಕೆ, "ಖಾಲಿ ಆದಂಗೆಲ್ಲ ಮೇಲಕ್ಕೆ ಹೋಗ್ತದಾ? ಯಾರಿಗೆ ಹೇಳ್ತೀಯಪ್ಪಾ" ಎಂದು ನಕ್ಕಳು. ಎಷ್ಟೋ ವರ್ಷಗಳ ಮೇಲೆ, ಸಾವಿರಾರು ಮೈಲಿಯಾಚೆ, ಖರ್ಚಾದಷ್ಟೂ ಏರುವ ಮುಳ್ಳಿನ ಮುಂದೆ ಕೂತಾಗ ಆಕೆಯ ಜಾಗದಲ್ಲಿ ನಾನೇ ಇದ್ದೆ.

ಜೋಡಿಸುವ ಕೆಲಸಕ್ಕೆ ಎದುರುಮನೆಯ ಅಜ್ಜ ಬಂದ. ಅಜ್ಜ ಎಂದರೆ ನನ್ನ ವಯಸ್ಸಿನವನೇ, ನನಗೆ ಮೊಮ್ಮಕ್ಕಳಿರುವುದು ಮರೆತು ಹಾಗೆನ್ನುತ್ತೇನೆ. ಪೂರ್ವದ ಬಯಲಿನಲ್ಲಿ ದನ, ಗೋಧಿ ಎಲ್ಲ ಮಾಡಿ, ಜಮೀನು ಮಗನಿಗೆ ಬಿಟ್ಟು ಪಟ್ಟಣ ಸೇರಿದವನು. ಮಾತು ಕಡಿಮೆ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಕಾಲು. ಆದರೆ ಸ್ಪಾನರು ಕೈಯಲ್ಲಿದ್ದರೆ ಇಬ್ಬರು ಮುದುಕರಿಗೆ ಅಷ್ಟು ಭಾಷೆ ಧಾರಾಳ.

ಮೊದಲ ನಿಯಮ, ಅಜ್ಜ ಡ್ರಿಲ್ಲನ್ನು ಅಳಿಯನ ಕೈಯಿಂದ ಕಸಿದುಕೊಂಡು ಹೇಳಿದ್ದು: ಮೇಲಿನಿಂದ ತೂತು ಕೊರೆಯುವ ಮುನ್ನ ಕೆಳಗೆ ನುಗ್ಗಿ ನೋಡು. ತೊಟ್ಟಿಯ ತಗಡಿನ ಕೆಳಗೇ ಬ್ರೇಕಿನ ಪೈಪು, ಡೀಸೆಲ್ ಪೈಪು, ದೀಪದ ವೈರುಗಳು ಎಲ್ಲ ಓಡಾಡುತ್ತಿರುತ್ತವೆ. ಅಳಿಯ ಟಾರ್ಚ್ ಹಿಡಿದು ಬೆನ್ನ ಮೇಲೆ ಜಾರಿ ಗಾಡಿಯಡಿಗೆ ಹೋದ. ಎರಡನೆಯ ನಿಯಮ: ಹೊಸ ಟ್ಯಾಂಕಿನ ಬಾಯಿ ಹಳೆಯ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಪಿಕಪ್ಪಿನಲ್ಲಿ ಅಸಲಿ ಟ್ಯಾಂಕು ತೊಟ್ಟಿಯ ಕೆಳಗೆ, ಚಾಸಿಯ ಪಕ್ಕಕ್ಕೆ ನೇತುಬಿದ್ದಿರುತ್ತದೆ, ಆದ್ದರಿಂದ ಹೇಗಿಟ್ಟರೂ ಮೇಲೇ ಇರುತ್ತದೆ. ಆದರೂ ಎಷ್ಟು ಮೇಲೆ? ಅಜ್ಜ ಟೇಪು ಹಿಡಿದು ಅಳೆಯಲು ಹೊರಟ. ಚಕ್ರದ ಗೂಡು, ಚಾಸಿಯ ತೊಲೆ ಎಲ್ಲ ಅಡ್ಡ. ಆಗ ನಾನು ಗ್ಯಾರೇಜಿನಲ್ಲಿದ್ದ ಪಾರದರ್ಶಕ ಪೈಪಿನ ತುಂಡೊಂದನ್ನು ತಂದು, ಅದಕ್ಕೆ ನೀರು ತುಂಬಿ, ಒಂದು ತುದಿಯನ್ನು ಅಳಿಯನ ಕೈಗೆ ಕೊಟ್ಟೆ. ನಮ್ಮ ಗಾರೆಯವರ ಲೆವೆಲ್ ಟ್ಯೂಬು. ನೀರು ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಂತಿತು. ಗುರುತು ಹಾಕಿ ಅಳೆದೆವು. ಅಜ್ಜ ಆ ಪೈಪನ್ನು ಇಸಕೊಂಡು, ಎರಡು ಕೈಯಲ್ಲೂ ಮೇಲೆ ಕೆಳಗೆ ಮಾಡಿ ನೋಡಿ, ಹುಬ್ಬೇರಿಸಿದ. ಆ ಹುಬ್ಬು ಏರಿದ್ದನ್ನು ನಾನು ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. ಮರುದಿನ ತಿಂಡಿಯ ಹೊತ್ತಿನಲ್ಲೂ ಹೇಳಿದೆನಂತೆ.

ಗೌರವ ಬಹಳ ಹೊತ್ತು ಬಾಳಲಿಲ್ಲ. ಜೋಡಣೆಗೆ ಒಂದೆರಡು ಜಿಐ ನಿಪ್ಪಲ್ ಹಾಕಿ, ಮರೆಗೆ ಸೆಣಬು ಸುತ್ತಿಬಿಟ್ಟರೆ ಮೂವತ್ತು ವರ್ಷ ಅಲ್ಲಾಡುವುದಿಲ್ಲ ಎಂದು ನಾನು ಸಲಹೆ ಕೊಟ್ಟೆ. ಸತುವಿನ ಲೇಪವಿರುವ ಜಿಐ ಪೈಪು ನನ್ನ ವೃತ್ತಿಜೀವನದ ಜೀವಾಳ. ಅಜ್ಜ ತಲೆಯಲ್ಲಾಡಿಸಿದ. ಡೀಸೆಲ್ಲಿಗೂ ಸತುವಿಗೂ ಆಗಿಬರುವುದಿಲ್ಲವಂತೆ. ಲೇಪ ಕರಗಿ ಎಣ್ಣೆಯೊಳಗೆ ಸೇರಿ ಫಿಲ್ಟರು, ಇಂಜೆಕ್ಟರುಗಳನ್ನು ಕೆಡಿಸುತ್ತದೆ. ತಾಮ್ರವೂ ಬೇಡ. ಅಲ್ಯೂಮಿನಿಯಮ್, ಮಾಮೂಲಿ ಉಕ್ಕು, ಡೀಸೆಲ್ಲಿಗೆಂದೇ ಮಾಡಿದ ರಬ್ಬರು, ಇಷ್ಟೇ. ನೀರಿನವನ ವಿದ್ಯೆ ಎಣ್ಣೆಯ ಬಾಗಿಲಲ್ಲಿ ನಿಂತಿತು. ನಾನು ಹೋಸ್ ಕ್ಲಿಪ್ಪುಗಳನ್ನು ಒಂದೊಂದಾಗಿ ಕೊಡುವ ಹುದ್ದೆಗೆ ಇಳಿದೆ.

ಆಮೇಲಿನದು ಬೇಗ ಮುಗಿಯಿತು. ಅಸಲಿ ಟ್ಯಾಂಕಿಗೆ ಎಣ್ಣೆ ಹೋಗುವ ಗಂಟಲ ಪೈಪನ್ನು ಕತ್ತರಿಸಿ ನಡುವೆ ಒಂದು ಟೀ ಕೂಡಿಸಿದರು. ಟೀಯ ಅಡ್ಡ ಕೈಗೆ ಮೇಲಿನ ಪೈಪು. ಪೈಪು ಸೈಲೆನ್ಸರಿನ ಹತ್ತಿರ ಸುಳಿಯದಂತೆ, ಚಾಸಿಗೆ ಉಜ್ಜದಂತೆ ಕಟ್ಟಿದರು. ಟ್ಯಾಂಕಿನ ಬುಡದಲ್ಲಿ ವಾಲ್ವ್, ವಾಲ್ವಿನ ಕೆಳಗೆ ಫಿಲ್ಟರು. ನೆತ್ತಿಯಲ್ಲಿ ಗಾಳಿಯಾಡಲು ಒಂದು ಕಿಂಡಿ, ಗಾಡಿ ಮಗುಚಿದರೆ ಆ ಕಿಂಡಿ ತಾನಾಗಿ ಮುಚ್ಚಿಕೊಳ್ಳುವಂಥದ್ದು. ಗಾಳಿ ಒಳಗೆ ಬಾರದೆ ಎಣ್ಣೆ ಕೆಳಗಿಳಿಯದು. ಕೆಳಗಿನ ಟ್ಯಾಂಕಿನಲ್ಲಿ ಗಾಳಿಗೆ ಹೋಗಲು ದಾರಿಯಿಲ್ಲದಾಗ ಎಣ್ಣೆಯೂ ನಿಲ್ಲುತ್ತದೆ. ಹಾಗೆಂದು ವಾಲ್ವನ್ನು ಸದಾ ತೆರೆದಿಡಬಾರದು, ಇಳಿಜಾರಿನಲ್ಲಿ ನಿಲ್ಲಿಸಿದಾಗ, ಬಿಸಿಲಿಗೆ ಎಣ್ಣೆ ಹಿಗ್ಗಿದಾಗ ಮುಚ್ಚಳದ ಸಂದಿಯಲ್ಲಿ ಜಿನುಗೀತು ಎಂದು ಅಜ್ಜ ಎಚ್ಚರಿಸಿದ. ಕೊರೆಯುವ ಚಳಿ ಬರುವ ಮುನ್ನ ಖಾಲಿ ಮಾಡಿಡು, ಇಲ್ಲದಿದ್ದರೆ ಬೇಸಿಗೆಯ ಡೀಸೆಲ್ ಮೇಣಗಟ್ಟಿ ಪೈಪಿನಲ್ಲೇ ಕೂತುಬಿಡುತ್ತದೆ ಎಂದೂ ಹೇಳಿದ. ಕೆಳಗೆ ರಟ್ಟು ಹಾಸಿ, ಐದು ಗ್ಯಾಲನ್ ಸುರಿದು, ಮೂವರೂ ಬಗ್ಗಿ ಪ್ರತಿ ಜೋಡಣೆಯನ್ನೂ ನೋಡುತ್ತ ಕೂತೆವು. ರಟ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಹಾಗೆ ಕೂತಿದ್ದಾಗ ಅಜ್ಜ ತಾನಾಗಿ ಒಂದು ಮಾತು ಹೇಳಿದ. ಜಮೀನಿನಲ್ಲಿದ್ದಾಗ ಅವನ ಪಿಕಪ್ಪಿನಲ್ಲೂ ಇಂಥದೇ ಟ್ಯಾಂಕು ಇತ್ತಂತೆ, ಹೊಲದಲ್ಲಿ ನಿಂತ ಟ್ರ್ಯಾಕ್ಟರಿಗೆ ಒಯ್ಯಲು. ಆದರೆ ಅದರ ಪೈಪು ಗಾಡಿಯ ಟ್ಯಾಂಕಿಗೆ ಸೇರುವ ಹಾಗಿರಲಿಲ್ಲ. ಹೊಲದ ಕೆಲಸದ ಡೀಸೆಲ್ಲಿಗೆ ಅಲ್ಲಿ ರಸ್ತೆ ತೆರಿಗೆ ಇಲ್ಲ, ಅದಕ್ಕೆ ಗುರುತಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ರಸ್ತೆಯ ಮೇಲೆ ಓಡುವ ಗಾಡಿಯ ಟ್ಯಾಂಕಿಗೆ ಅಳತೆಯ ಕೋಲು ಇಳಿಸಿದಾಗ ಕೆಂಪು ಕಂಡರೆ ಕನಿಷ್ಠ 1000 ಡಾಲರ್ ದಂಡ. ಇದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮ ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆಯ ಕಥೆಯನ್ನು ಅವನಿಗೆ ಪೂರ್ತಿ ಹೇಳಿದೆ. ಡಬ್ಬಿ, ಸಾಲು, ಕಾರ್ಡು, ಒಲೆಗೆ ಹಾಕುವ ನೀಲಿ ಎಣ್ಣೆ ಯಾವ ಯಾವ ಇಂಜಿನ್ನುಗಳ ಹೊಟ್ಟೆ ಸೇರುತ್ತಿತ್ತು, ಎಲ್ಲ. ಅವನಿಗೆ ಎಷ್ಟು ತಿಳಿಯಿತೋ. ಕೊನೆಗೆ "ಬ್ಲೂ" ಎಂದು ಒಂದು ಮಾತಾಡಿ ಎದ್ದ.

ಪೆಟ್ರೋಲ್ ಗಾಡಿಗೆ ಈ ವ್ಯವಸ್ಥೆ ಮಾಡುವಂತಿಲ್ಲ. ಡೀಸೆಲ್ 52 ಡಿಗ್ರಿಗೆ ಬಿಸಿಯಾಗುವ ತನಕ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯೂ ಸಾಕು. ಆದರೂ ಹಿಂದೆ ಪೆಟ್ರೋಲ್ ಕಾರುಗಳೇ ಈ ಇಳಿಜಾರಿನ ಮೇಲೆ ಬದುಕಿದ್ದವು. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪಂಪೇ ಇರಲಿಲ್ಲ. ಟ್ಯಾಂಕು ಬಹುಕಾಲ ಮುಂದಿನ ಸೀಟಿನ ಅಡಿಯಲ್ಲೇ ಇತ್ತು. ಎಷ್ಟಿದೆ ಎಂದು ನೋಡಬೇಕಾದರೆ ಮಾಲೀಕ ಎದ್ದು, ಸೀಟು ಎತ್ತಿ, ಕೋಲು ಅದ್ದಿ ನೋಡಬೇಕು. ಎಣ್ಣೆ ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಮೂತಿ ಮೇಲಾಗಿ, ಟ್ಯಾಂಕು ಕೆಳಗಾಗಿ, ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವುದು ನಿಂತುಬಿಡುತ್ತಿತ್ತು. ಜನ ಏನು ಮಾಡಿದರು? ಕಾರನ್ನು ತಿರುಗಿಸಿ, ಗುಡ್ಡವನ್ನು ಹಿಮ್ಮುಖವಾಗಿ ಹತ್ತಿದರು. ಹ್ಯಾಟು ಹಾಕಿಕೊಂಡ ಯಜಮಾನ, ಪಕ್ಕದಲ್ಲಿ ಯಜಮಾನಿ, ಹಿಂದೆ ಮಕ್ಕಳು, ಎಲ್ಲರೂ ಬಿಟ್ಟು ಬಂದ ಊರನ್ನೇ ನೋಡುತ್ತ ಬೆಟ್ಟ ಏರುವ ಆ ದೃಶ್ಯ ನನಗೆ ಬಹಳ ಇಷ್ಟ. ಅವರನ್ನು ನೋಡಿ ನಗಲು ಮಾತ್ರ ನನಗೆ ಅರ್ಹತೆಯಿಲ್ಲ, ನಾನು ಸ್ಕೂಟರನ್ನು ಮಲಗಿಸಿ ಎಬ್ಬಿಸಿದ ಕಾಲದವನು.

ಬಜಾಜ್ ಸ್ಕೂಟರ್ ನಿಂತುಹೋದರೆ ಅದನ್ನು ರಸ್ತೆಯ ಬದಿಗೆ ತಂದು ಇಂಜಿನ್ನಿನ ಕಡೆಗೆ ವಾಲಿಸುವ ವಿಧಿಯನ್ನು ಈಗಿನ ಹುಡುಗರಿಗೆ ಹೇಳಿದರೆ ಅವರು ಅದನ್ನು ಯಾವುದೋ ಹಳೆಯ ಹರಕೆ ಎಂದುಕೊಳ್ಳುತ್ತಾರೆ. ಟ್ಯಾಂಕಿನ ಮೂಲೆಯಲ್ಲಿ ಅಡಗಿದ್ದ ಕೊನೆಯ ನೂರು ಮಿಲಿ ಪೆಟ್ರೋಲು ಹಾಗೆ ವಾಲಿಸಿದರೆ ಕಾರ್ಬುರೇಟರಿನ ದಾರಿ ಹಿಡಿಯುತ್ತಿತ್ತು. ಹಿಂದಿನ ಸೀಟಿನ ಹೆಂಡತಿ ಇಳಿದು, ಸೆರಗು ಸರಿಮಾಡಿಕೊಂಡು, ತನಗೂ ಈ ಮನುಷ್ಯನಿಗೂ ಸಂಬಂಧವಿಲ್ಲವೆಂಬಂತೆ ಎದುರಿನ ಅಂಗಡಿಯ ಬೋರ್ಡು ಓದುತ್ತಿದ್ದಳು. ಸ್ಕೂಟರಿಗೂ ಮುಂಚೆ ನನ್ನಲ್ಲಿ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕಿತ್ತು. ಅದರಲ್ಲೂ ಗೇಜು ಇಲ್ಲ. ಟ್ಯಾಂಕಿನಡಿಯಲ್ಲಿ ಒಂದು ನಲ್ಲಿ, ಅದಕ್ಕೆ ಆನ್, ಆಫ್, ರಿಸರ್ವ್. ಓಡುತ್ತಿರುವಾಗಲೇ ಇಂಜಿನ್ನು ಒಂದು ಸಲ ಬಿಕ್ಕುತ್ತದೆ, ತೊಡೆಯ ಕೆಳಗೆ ಕೈಹಾಕಿ ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಬೇಕು; ಅಲ್ಲಿಂದ ಮುಂದೆ ಬದುಕು ಬೇರೆ. ಅಲ್ಲಿಯತನಕ ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಿದ್ದೆವು. ಇಳಿಜಾರು ಬಂದರೆ ಇಂಜಿನ್ ಆಫ್. ಯಾರ ಮನೆಗೆ ಹೋಗುವುದು ಬೇಡ, ಯಾವ ಮನೆಗೆ ನಾಳೆ ಹೋದರೂ ನಡೆಯುತ್ತದೆ ಎಂಬುದೆಲ್ಲ ಆ ಬಿಕ್ಕಳಿಕೆಯಾದ ಹತ್ತು ಸೆಕೆಂಡಿನಲ್ಲಿ ಇತ್ಯರ್ಥವಾಗುತ್ತಿತ್ತು. ಅಳಿಯನ ಗಾಡಿಯಲ್ಲಿ ಈ ಇತ್ಯರ್ಥದ ಘಳಿಗೆ ಬರುವುದೇ ಇಲ್ಲ.

ಹೊಸ ಟ್ಯಾಂಕು ಹಾಕಿಸಿದ ಮೇಲಿನ ಪ್ರಯಾಣದಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿದರು. ಡೆನ್ವರಿನಿಂದ 70ನೇ ನಂಬರಿನ ಹೆದ್ದಾರಿ ಪಶ್ಚಿಮಕ್ಕೆ ಹೊರಟರೆ ಏರು, ಏರು, ಏರು. ಹನ್ನೊಂದು ಸಾವಿರ ಅಡಿಯ ಮೇಲೆ ಐಸೆನ್‌ಹೋವರ್ ಸುರಂಗ. 1973ರಲ್ಲಿ ತೆರೆದದ್ದು, ಉದ್ದ ಒಂದೂಮುಕ್ಕಾಲು ಮೈಲಿಗೆ ಒಂದಿಷ್ಟು ಕಡಿಮೆ. ನಾವು ಒಳಗೆ ಹೊಕ್ಕ ಕಡೆ ಬಿದ್ದ ಮಳೆ ಮಿಸಿಸಿಪ್ಪಿ ಸೇರಿ ಅಟ್ಲಾಂಟಿಕ್ ಕಡೆಗೆ, ಹೊರಬಂದ ಕಡೆ ಬಿದ್ದದ್ದು ಕೊಲರಾಡೊ ನದಿ ಸೇರಿ ಪೆಸಿಫಿಕ್ ಕಡೆಗೆ. ನಮ್ಮ ಸಕಲೇಶಪುರದಾಚೆ ಬಿಸಿಲೆಯ ಬಳಿಯೂ ಇಂಥ ಒಂದು ಏಣಿದೆ. ಒಂದು ಬದಿಯ ನೀರು ಹೇಮಾವತಿಗೆ, ಇನ್ನೊಂದು ಬದಿಯದು ಕುಮಾರಧಾರೆಗೆ. ಅಲ್ಲಿ ಮಳೆಗಾಲದಲ್ಲಿ ನಿಂತು, ಕೊಡೆಯ ಎಡಗಡೆಯ ಹನಿ ಬಂಗಾಳ ಕೊಲ್ಲಿಗೆ, ಬಲಗಡೆಯದು ಅರಬ್ಬಿ ಸಮುದ್ರಕ್ಕೆ ಎಂದು ನಾನು ಹೇಳಿದ್ದಕ್ಕೆ ಹೆಂಡತಿ, "ನಡುವಿನದು ನನ್ನ ಕತ್ತಿಗೆ" ಎಂದಿದ್ದಳು.

ಸುರಂಗ ದಾಟಿ ಇಳಿದರೆ ಎಡಕ್ಕೆ ಡಿಲನ್ ಜಲಾಶಯ. ಒಂಬತ್ತು ಸಾವಿರ ಅಡಿ ಎತ್ತರದಲ್ಲಿ, ಸುತ್ತ ಹಿಮದ ಬೆಟ್ಟ, ನೀರ ಮೇಲೆ ಹಾಯಿದೋಣಿಗಳು. ಉಳಿದವರು ಫೋಟೋ ತೆಗೆದರು. ನನಗೆ ಕಂಡದ್ದು ಬೇರೆ. ಈ ನೀರು ಡೆನ್ವರ್ ಪಟ್ಟಣದ್ದು. ಡೆನ್ವರಾದರೋ ಬೆಟ್ಟದ ಆ ಕಡೆ, 5280 ಅಡಿಯಲ್ಲಿ. 1960ರ ದಶಕದ ಆರಂಭದಲ್ಲಿ ಡಿಲನ್ ಎಂಬ ಊರನ್ನೇ ಎತ್ತಿ ಪಕ್ಕಕ್ಕಿಟ್ಟು ಅಣೆಕಟ್ಟು ಕಟ್ಟಿದರು, ಬೆಟ್ಟಸಾಲಿನ ಬುಡದಲ್ಲಿ 23 ಮೈಲಿ ಉದ್ದದ ರಾಬರ್ಟ್ಸ್ ಸುರಂಗ ಕೊರೆದರು. ಪೆಸಿಫಿಕ್ಕಿಗೆ ಹೋಗಬೇಕಾಗಿದ್ದ ನೀರು ಬೆಟ್ಟದೊಳಗಿನಿಂದ ನುಸುಳಿ ಸೌತ್ ಪ್ಲಾಟ್ ನದಿಗೆ ಬಿದ್ದು ಪಟ್ಟಣ ತಲುಪುತ್ತದೆ. ದಾರಿಯಲ್ಲಿ ಪಂಪಿಲ್ಲ. ಈ ಕಡೆಯ ನೀರು ಸಾಲದಾದಾಗ ಬಾಗಿಲು ತೆರೆಯುತ್ತಾರೆ, ಸಾಕಾದರೆ ಮುಚ್ಚುತ್ತಾರೆ. ನಾನು ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕ್ಯಾಬಿನ್ನಿನ ಗಾಜಿನಿಂದ ಅಲ್ಯೂಮಿನಿಯಮ್ ಪೆಟ್ಟಿಗೆಯನ್ನು ನೋಡಿದೆ, ಮುಂದಕ್ಕೆ ತಿರುಗಿ ಜಲಾಶಯವನ್ನು ನೋಡಿದೆ. "ಇದೂ ಅದೇ ಕಣಪ್ಪಾ!" ಎಂದೆ. ಅಳಿಯ ಬ್ರೇಕಿನ ಮೇಲೆ ಕಾಲಿಟ್ಟು, "ಏನು ಮಾವ? ಟೈರಾ?" ಎಂದು ಗಾಬರಿಯಾದ.

ನಮ್ಮ ಬೆಂಗಳೂರಿಗೆ ಈ ಭಾಗ್ಯವಿಲ್ಲ. ಕಾವೇರಿ ಇರುವುದು ತಗ್ಗಿನಲ್ಲಿ, ಪಟ್ಟಣ ಕೂತಿರುವುದು ದಿಬ್ಬದ ಮೇಲೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ, ಮೂರು ಕಡೆ ಪಂಪು ಮಾಡಿ ಹಗಲು ರಾತ್ರಿ ನೂಕಬೇಕು. ಬೆಂಗಳೂರಿನವರು ಒಂದು ಬಕೆಟ್ ನೀರು ಚೆಲ್ಲಿದರೆ ನನಗೆ ಕರೆಂಟು ಚೆಲ್ಲಿದಂತೆಯೇ ಕಾಣುವುದು, ಇಲಾಖೆಯ ಚಟ. ಹಾಗೆಂದು ನಮ್ಮ ಹಿಂದಿನವರಿಗೆ ಇಳಿಜಾರಿನ ಬೆಲೆ ಗೊತ್ತಿಲ್ಲದೇ ಇರಲಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನಡುವಿನ ಕೆರೆಗೆ, ಅದು ತುಂಬಿದರೆ ಕೆಳಗಿನದಕ್ಕೆ, ಸಾಲಾಗಿ ಕಟ್ಟಿಕೊಂಡು ಹೋದರು. ತೂಬಿನ ಬಾಗಿಲು ನೀರುಗಂಟಿಯ ಕೈಯಲ್ಲಿ. ಅಳಿಯನ ಅಜ್ಜನ ಅಡಿಕೆ ತೋಟಕ್ಕೆ ಸೂಳೆಕೆರೆಯ ನೀರು ಬರುತ್ತಿದ್ದುದೂ ಹೀಗೆಯೇ. ಇದನ್ನು ಅಳಿಯನಿಗೆ ನೆನಪಿಸಿ, ನಿನ್ನ ರಕ್ತದಲ್ಲೇ ತೂಬಿದೆ ಎಂದೆ. ಹಿಂದಿನ ಸೀಟಿನಿಂದ ಮಗಳು, "ಅಪ್ಪ, ಅವರಿಗೆ ರಸ್ತೆ ನೋಡೋಕೆ ಬಿಡಿ" ಎಂದಳು.

ರಸ್ತೆ ನೋಡಿಕೊಂಡು ಅಳಿಯ ಓಡಿಸಿದ. ಸಮಸ್ಯೆ ಶುರುವಾದದ್ದೇ ಅಲ್ಲಿ. ಮೊದಲಾಗಿದ್ದರೆ ಗ್ರ್ಯಾಂಡ್ ಜಂಕ್ಷನ್ ತಲುಪುವ ಮೊದಲೇ ಒಂದು ಕಡೆ ಡೀಸೆಲ್ಲಿಗೆ ನಿಲ್ಲಿಸಬೇಕಾಗಿತ್ತು. ಗಾಡಿ ನಿಂತರೆ ಎಲ್ಲರೂ ಇಳಿಯುತ್ತಾರೆ, ಯಾರು ಯಾಕೆ ಇಳಿದರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೈ ಹಿಂದೆ ಕಟ್ಟಿಕೊಂಡು, ಚಿಪ್ಸಿನ ಪೊಟ್ಟಣಗಳನ್ನು ನೋಡುವ ನೆಪದಲ್ಲಿ ಒಳಗೆ ಹೋಗಿ, ಮೂಲೆಯ ಬಾಗಿಲು ತಳ್ಳಿ, ಹಗುರಾಗಿ ಬರುತ್ತಿದ್ದೆ. ಈ ವಯಸ್ಸಿನಲ್ಲಿ ಗಂಡಸಿನ ಟ್ಯಾಂಕಿನ ಸಾಮರ್ಥ್ಯ ಎಷ್ಟೆಂದು ಬಲ್ಲವರು ಬಲ್ಲರು. ಅದಕ್ಕೆ ರಿಸರ್ವ್ ಇಲ್ಲ, ಇದ್ದ ವಾಲ್ವೂ ಹಳತು. ಈಗ ಗಾಡಿಯ ಹೊಟ್ಟೆಯಲ್ಲಿ ಎಂಟುನೂರು ಮೈಲಿಯ ಎಣ್ಣೆ. ಅದು ನಿಲ್ಲಬೇಕಾಗಿಲ್ಲ. ಅಂದರೆ ನಿಲ್ಲಿಸಿ ಎಂದು ನಾನೇ ಬಾಯಿಬಿಟ್ಟು ಹೇಳಬೇಕು, ಅದೂ ಅಳಿಯನಿಗೆ. ಮಗನಾಗಿದ್ದರೆ ಗದರಿಸಿ ಹೇಳಬಹುದಿತ್ತು.

ನಾನು ಮುಳ್ಳನ್ನು ನೋಡಿದೆ. ಅದು ಮೆಲ್ಲಗೆ ಮೇಲೇರುತ್ತಿತ್ತು. ನನ್ನ ಮುಳ್ಳೂ ಏರುತ್ತಿತ್ತು. ಗ್ಲೆನ್‌ವುಡ್ ಕಣಿವೆಯಲ್ಲಿ ಹೆದ್ದಾರಿಯ ಪಕ್ಕಕ್ಕೆ ಕೊಲರಾಡೊ ನದಿ ಮೈಲಿಗಟ್ಟಲೆ ಬೋರ್ಗರೆಯುತ್ತ ಹರಿಯುತ್ತದೆ. ಅಂಥ ಹೊತ್ತಿನಲ್ಲಿ ಅದರ ಸದ್ದು ಮನುಷ್ಯನಿಗೆ ಏನು ಮಾಡುತ್ತದೆ ಎಂದು ಪ್ರವಾಸಿ ಪುಸ್ತಕಗಳಲ್ಲಿ ಬರೆದಿಲ್ಲ. "ನೋಡಿ ಮಾವ, ಎಷ್ಟು ಚೆನ್ನಾಗಿ ಹರಿಯುತ್ತೆ" ಎಂದ ಅಳಿಯ, ಕಿಟಕಿ ಇಳಿಸಿ. ಪ್ಯಾಲಿಸೇಡ್ ಬಂದಾಗ ಇಲ್ಲಿಯ ಪೀಚ್ ಹಣ್ಣು ಬಹಳ ಪ್ರಸಿದ್ಧವಂತಲ್ಲ, ಮೊಮ್ಮಗನಿಗೆ ಕೊಂಡುಕೊಳ್ಳೋಣ ಎಂದೆ. ಮೊಮ್ಮಗ ನಿದ್ದೆಗಣ್ಣಿನಲ್ಲಿ, "ಐ ಡೋಂಟ್ ಲೈಕ್ ಪೀಚ್, ಅಜ್ಜ" ಎಂದ. ಕೊನೆಗೆ ನನ್ನ ಹೆಂಡತಿಯೇ ಹಿಂದಿನಿಂದ, ಯಾರನ್ನೂ ಉದ್ದೇಶಿಸದೆ, "ನನಗೆ ಕಾಲು ಹಿಡ್ಕೊಂಡಿದೆ, ಎಲ್ಲಾದ್ರೂ ಒಂಚೂರು ನಿಲ್ಲಿಸಪ್ಪ" ಎಂದಳು. ಗಾಡಿ ನಿಂತ ಮೇಲೆ ಅವಳು ಇಳಿಯಲಿಲ್ಲ.

ಅದರ ಮುಂದಿನ ಪ್ರಯಾಣ ಸೆಪ್ಟೆಂಬರಿನಲ್ಲಿ. ಹೊರಡುವ ಮುನ್ನ ಸಾಮಾನು ಕಟ್ಟುತ್ತಿದ್ದಾಗ ನನ್ನ ಕಣ್ಣು ಅಭ್ಯಾಸಬಲದಿಂದ ವಾಲ್ವಿನ ಕಡೆ ಹೋಯಿತು. ಹಿಡಿ ಪೈಪಿನುದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ, ಇದು ಬೆಂಗಳೂರಾದರೂ ಡೆನ್ವರಾದರೂ ಒಂದೇ. ಅಡ್ಡಕ್ಕಿತ್ತು. ಹೊರಟಾಗ ಅದು ಮುಚ್ಚಿರಬೇಕಾದದ್ದೇ. ಆದರೆ ಬೆಟ್ಟ ಇಳಿದು, ಮುಳ್ಳು ಅರ್ಧ ದಾಟಿ, ಕಾಲಿಗೆ ಬಂದು, ಕಾಲಿಗಿಂತ ಕೆಳಗೆ ಹೋದರೂ ಅಳಿಯ ಇಳಿದು ಅದನ್ನು ತಿರುಗಿಸಲಿಲ್ಲ. ಮುಳ್ಳು ಹಳೆಯ ಕಾಲದ ನಿಯತ್ತಿನಲ್ಲಿ ಇಳಿಯುತ್ತಲೇ ಹೋಯಿತು. ಗ್ರ್ಯಾಂಡ್ ಜಂಕ್ಷನ್ನಿಗೆ ಎಷ್ಟೋ ಮುಂಚೆಯೇ ಒಂದು ದೊಡ್ಡ ಬಂಕಿಗೆ ಗಾಡಿ ತಿರುಗಿಸಿ, "ಸ್ವಲ್ಪ ಡೀಸೆಲ್ ಹಾಕ್ಸೋಣ ಮಾವ, ನೀವು ಬೇಕಾದ್ರೆ ಒಳಗೆ ಚಿಪ್ಸ್ ನೋಡ್ತಿರಿ" ಎಂದ.

ಚಿಪ್ಸ್ ನೋಡಿ ಬಂದ ಮೇಲೆ ನಾನು ಸುಮ್ಮನಿರಬೇಕಾಗಿತ್ತು, ಆದರೆ ಇಲಾಖೆಯ ಬಾಯಿ. "ಮೇಲಿನ ಟ್ಯಾಂಕಿನಲ್ಲಿ ಐವತ್ತು ಗ್ಯಾಲನ್ ಇದೆಯಲ್ಲಪ್ಪ, ವಾಲ್ವ್ ಯಾಕೆ ಬಿಟ್ಟಿಲ್ಲ?" ಎಂದೆ.

"ಬಿಸಿಲಲ್ವಾ ಮಾವ, ಎಣ್ಣೆ ಹಿಗ್ಗುತ್ತೆ" ಎಂದ.

ಶಾಸ್ತ್ರಕ್ಕೆ ಸರಿಯಾದ ಉತ್ತರ. ಅಂದು ಬೆಳಗಿನಿಂದ ಮೋಡ ಕವಿದಿತ್ತು.

ಅಲ್ಲಿಂದ ಯೂಟಾದ ಗ್ರೀನ್ ರಿವರ್ ತನಕ ನಾನು ರಾಜನಾಗಿ ಕೂತು ಬಂದೆ. ಗ್ರೀನ್ ರಿವರ್ ಕರಬೂಜದ ಊರು, ರಸ್ತೆಯ ಬದಿಯಲ್ಲೆಲ್ಲ ರಾಶಿ. ಅಲ್ಲೂ ನಿಲ್ಲಿಸಿದ. ಹಣ್ಣು ಕೊಂಡು, ಕೈಗೆ ಸಿಕ್ಕ ದೊಡ್ಡ ಲೋಟದಲ್ಲಿ ಕಾಫಿ ತೆಗೆದುಕೊಂಡೆ. ಅಮೆರಿಕದ ಸಣ್ಣ ಲೋಟವೇ ನಮ್ಮ ಅರ್ಧ ಚೊಂಬು; ಇದು ದೊಡ್ಡದು. ಸೀಟಿಗೆ ಹತ್ತಿ, ಬೆಲ್ಟ್ ಹಾಕಿಕೊಂಡು, ಮುಚ್ಚಳ ತೆಗೆದು ಎರಡು ಗುಟುಕು ಹೀರಿದ್ದೆ. ಹೆದ್ದಾರಿಗೆ ಸೇರುವಲ್ಲಿ ಒಂದು ಬೋರ್ಡು ದಾಟಿತು.

"ರೀ," ಎಂದಳು ಹಿಂದಿನಿಂದ ಹೆಂಡತಿ, "ಆ ಬೋರ್ಡ್ ಓದಿದ್ರಾ? ಮುಂದೆ ನೂರಾಹತ್ತು ಮೈಲಿ ಒಂದು ಅಂಗಡಿ ಇಲ್ಲ, ಒಂದು ಬಂಕ್ ಇಲ್ಲವಂತೆ. ಆ ಲೋಟ ಈ ಕಡೆ ಕೊಡಿ."